‘ಚೆನ್ನಾಗಿ ನಿದ್ರಿಸಿದರು’ ಎಂಬ ಸಾಲು

ಮನೋರೋಗ ವಿಭಾಗದಲ್ಲಿ ನಾನು ಮಾಡಿದ ಮೊದಲ ರಾತ್ರಿ ಪಾಳಿಯ ವರದಿಯಲ್ಲಿ ಹನ್ನೊಂದು ರೋಗಿಗಳ ಹೆಸರಿನ ಮುಂದೆಯೂ ಒಂದೇ ಸಾಲು ಇತ್ತು: ‘ರಾತ್ರಿ ಚೆನ್ನಾಗಿ ನಿದ್ರಿಸಿದರು.’ ಬೆಳಿಗ್ಗೆ ಚಾರ್ಜ್ ತೆಗೆದುಕೊಳ್ಳಲು ಬಂದ ಹಿರಿಯ ಸಿಸ್ಟರ್ ಅದನ್ನು ಓದಿ ಏನೂ ಅನ್ನಲಿಲ್ಲ. ನನ್ನನ್ನು ಆರನೇ ಮಂಚದ ಬಳಿಗೆ ಕರೆದುಕೊಂಡು ಹೋದರು. ಅಲ್ಲಿದ್ದವರು ಹಾಸನ ತಾಲ್ಲೂಕಿನ ಒಬ್ಬ ಆಲೂಗೆಡ್ಡೆ ಬೆಳೆಗಾರರು. ಎರಡು ವರ್ಷ ಮೇಲಿಂದ ಮೇಲೆ ಅಂಗಮಾರಿ ರೋಗಕ್ಕೆ ಬೆಳೆ ಕಳೆದುಕೊಂಡು, ಆಮೇಲೆ ಊಟವನ್ನೂ ಮಾತನ್ನೂ ಕಡಿಮೆ ಮಾಡುತ್ತ ಬಂದು, ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಮಣಿದು ದಾಖಲಾಗಿದ್ದರು. ಸಿಸ್ಟರ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ‘ಯಜಮಾನ್ರೇ, ಬೆಳಗಿನ ಜಾವ ಎಷ್ಟೊತ್ತಿಗೆ ಎಚ್ಚರ ಆಯ್ತು?’ ಎಂದು ಕೇಳಿದರು.

‘ಕೋಳಿ ಕೂಗೋಕೆ ಎಷ್ಟೋ ಮೊದ್ಲೇ ಕಣವ್ವ. ಮೂರು ಗಂಟೆ ಇರ್ಬೋದು. ಆ ಸಿಸ್ಟ್ರಿಗ್ಯಾಕೆ ತೊಂದ್ರೆ ಅಂತ ಕಣ್ಣು ಮುಚ್ಕೊಂಡು ಬಿದ್ದಿದ್ದೆ.’

ಟಾರ್ಚ್ ಹಿಡಿದು ಎರಡು ಗಂಟೆಗೊಮ್ಮೆ ಸುತ್ತು ಹಾಕಿದ್ದ ನಾನು ನೋಡಿದ್ದು ಮುಚ್ಚಿದ ಕಣ್ಣುಗಳನ್ನು, ಬರೆದದ್ದು ನಿದ್ರೆ ಎಂದು. ಮಾನಸಿಕ ಆರೋಗ್ಯ ಶುಶ್ರೂಷೆಯ ಮೂಲಪಾಠಗಳು ಯಾವುವು ಎಂದು ಈಗ ತರಬೇತಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನನಗೆ ಆ ಬೆಳಗು ನೆನಪಾಗುತ್ತದೆ. ಹಾಸನದ ಆಸ್ಪತ್ರೆಗಳಲ್ಲಿ ಕಳೆದ ವರ್ಷಗಳಲ್ಲಿ ನಾನು ಕಲಿತದ್ದರ ಬಹುಭಾಗ ಕಂಡದ್ದನ್ನು ಕಂಡ ಹಾಗೆ ಬರೆಯುವುದಕ್ಕೆ ಸಂಬಂಧಿಸಿದ್ದು. (ಇಲ್ಲಿ ಬರುವ ರೋಗಿಗಳ ಗುರುತು ಸಿಗದಂತೆ ಊರು, ವಯಸ್ಸು, ಕಸುಬುಗಳನ್ನು ಅದಲುಬದಲು ಮಾಡಿದ್ದೇನೆ.)

ನಿದ್ರೆಯ ವಿಷಯವನ್ನೇ ತೆಗೆದುಕೊಳ್ಳಿ. ‘ನಿದ್ರೆ ಬರುವುದಿಲ್ಲ’ ಎಂಬ ಒಂದೇ ದೂರಿನೊಳಗೆ ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಆತಂಕ ಹೆಚ್ಚಿರುವವರು ಮಲಗಿದ ಮೇಲೆ ಗಂಟೆಗಟ್ಟಲೆ ಹೊರಳಾಡುತ್ತಾರೆ. ನಿದ್ರೆ ಹತ್ತುವುದೇ ಕಷ್ಟ. ತೀವ್ರ ಖಿನ್ನತೆ ಇರುವವರು ಅನೇಕ ಬಾರಿ ಸರಿಯಾದ ಹೊತ್ತಿಗೇ ಮಲಗುತ್ತಾರೆ, ಆದರೆ ಎಂದಿಗಿಂತ ಎರಡು ಮೂರು ಗಂಟೆ ಮೊದಲೇ ಎಚ್ಚರವಾಗಿ ಕತ್ತಲಲ್ಲಿ ಒಬ್ಬರೇ ಉಳಿಯುತ್ತಾರೆ, ಮತ್ತು ಅವರ ಮನಸ್ಸು ಅತ್ಯಂತ ಭಾರವಾಗಿರುವುದು ಸಾಮಾನ್ಯವಾಗಿ ಆ ಬೆಳಗಿನ ಹೊತ್ತಿನಲ್ಲಿಯೇ. ಉನ್ಮಾದದ ಸ್ಥಿತಿಯಲ್ಲಿರುವವರದು ಇನ್ನೊಂದು ಬಗೆ: ಎರಡು ಗಂಟೆ ಮಲಗಿ ಎದ್ದರೂ ಅವರಿಗೆ ಆಯಾಸವೆಂಬುದೇ ಇಲ್ಲ, ಮೂರು ಗಂಟೆಗೆ ಸ್ನಾನ ಮುಗಿಸಿ, ವಾರ್ಡು ಗುಡಿಸಿ, ಪಕ್ಕದ ಮಂಚದವರನ್ನು ಎಬ್ಬಿಸಿ ತಾವು ಕಟ್ಟಿಸಲಿರುವ ದೇವಸ್ಥಾನದ ವಿವರ ಹೇಳುತ್ತಿರುತ್ತಾರೆ. ವೈದ್ಯರು ಬೆಳಿಗ್ಗೆ ಹತ್ತು ನಿಮಿಷ ರೋಗಿಯೊಂದಿಗೆ ಇರುತ್ತಾರೆ. ರಾತ್ರಿಯ ಉಳಿದ ಭಾಗವನ್ನು ನೋಡುವವರು ನಾವು. ಆರನೇ ಮಂಚದವರು ಮೂರು ಗಂಟೆಗೆ ಎಚ್ಚರವಾಗುತ್ತಿದ್ದಾರೆ ಎಂಬ ಒಂದು ಸಾಲು ಕೇಸ್ ಶೀಟಿನಲ್ಲಿ ಇದ್ದಿದ್ದರೆ, ಆ ಹೊತ್ತಿನಲ್ಲಿ ಅವರ ಬಳಿ ಯಾರಾದರೂ ಇರಬೇಕು ಎಂಬ ತೀರ್ಮಾನವೂ ಅದರಿಂದಲೇ ಹೊರಡುತ್ತಿತ್ತು.

ಇದೇ ರೀತಿ ಕೆಲವು ಪದಗಳನ್ನು ನಾನು ನನ್ನ ವರದಿಗಳಿಂದ ಹೊರಗಿಟ್ಟಿದ್ದೇನೆ. ‘ಸಹಕರಿಸಲಿಲ್ಲ’, ‘ಕಿರಿಕಿರಿ ಮಾಡಿದರು’, ‘ನಾಟಕ ಮಾಡುತ್ತಾರೆ’ ಎಂಬಂತಹ ಮಾತುಗಳು ರೋಗಿಯ ಬಗ್ಗೆ ಏನನ್ನೂ ತಿಳಿಸುವುದಿಲ್ಲ; ಬರೆದವರ ಬೇಸರವನ್ನಷ್ಟೇ ತಿಳಿಸುತ್ತವೆ. ‘ಸಹಕರಿಸಲಿಲ್ಲ’ ಎಂಬುದನ್ನು ಬಿಡಿಸಿ ಬರೆದರೆ, ‘ಮಾತ್ರೆ ಕೊಟ್ಟಾಗ ಬಾಯಿ ಮುಚ್ಚಿಕೊಂಡರು, ಬಣ್ಣ ಬದಲಾಗಿದೆ ಎಂದರು, ಸ್ಟ್ರಿಪ್ ತೋರಿಸಿದ ಮೇಲೆ ನುಂಗಿದರು’ ಎಂದಾಗಬಹುದು. ಮೊದಲನೆಯದನ್ನು ಓದಿದ ಮುಂದಿನ ಪಾಳಿಯವರು ರೋಗಿಯ ಮೇಲೆ ಸಿಟ್ಟಿನಿಂದಲೇ ಕೆಲಸ ಶುರು ಮಾಡುತ್ತಾರೆ. ಎರಡನೆಯದನ್ನು ಓದಿದವರು ಸ್ಟ್ರಿಪ್ಪನ್ನು ಜೊತೆಗೆ ಕೊಂಡೊಯ್ಯುತ್ತಾರೆ. ರೋಗಿ ಹೇಗೆ ಕಾಣುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ, ಮಾತಿನ ವೇಗ ಮತ್ತು ಧ್ವನಿ ಹೇಗಿವೆ, ಮನಸ್ಸು ಹೇಗಿದೆ ಎಂದು ಅವರೇ ಹೇಳುತ್ತಾರೆ, ನಮಗೆ ಹೇಗೆ ಕಾಣುತ್ತದೆ, ಯೋಚನೆಯ ಸರಣಿ ಯಾವುದು, ಇಲ್ಲದ್ದು ಕೇಳಿಸುತ್ತಿದೆಯೇ ಅಥವಾ ಕಾಣಿಸುತ್ತಿದೆಯೇ, ದಿನ ಮತ್ತು ಸ್ಥಳದ ಅರಿವು ಇದೆಯೇ, ತನಗೆ ಕಾಯಿಲೆ ಇದೆಯೆಂದು ಒಪ್ಪುತ್ತಾರೆಯೇ ಎಂಬ ಮನಃಸ್ಥಿತಿ ಪರೀಕ್ಷೆಯ ಕ್ರಮವನ್ನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದು ಪ್ರತಿದಿನ ಬಳಸಬೇಕಾದ ಕಣ್ಣು ಎಂದು ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ.

ದೇಹವನ್ನು ಮರೆಯಬಾರದು ಎಂಬುದು ಎರಡನೆಯ ಪಾಠ. ಅರಕಲಗೂಡು ಕಡೆಯ ಒಬ್ಬ ಅಜ್ಜನನ್ನು ‘ಮೂರು ದಿನದಿಂದ ತಲೆ ಕೆಟ್ಟಿದೆ’ ಎಂದು ಕರೆತಂದಿದ್ದರು. ಹಗಲು ಮಂಪರು, ಸಂಜೆಯಾಗುತ್ತಿದ್ದಂತೆ ಗಲಾಟೆ, ಹೊದಿಕೆಯ ಮೇಲೆ ಇಲ್ಲದ ಏನನ್ನೋ ಹೆಕ್ಕುವುದು, ಮಗನನ್ನೇ ಗುರುತಿಸದಿರುವುದು. ಎಪ್ಪತ್ತು ದಾಟಿದವರಲ್ಲಿ ಹೀಗೆ ಮೂರು ದಿನಗಳಲ್ಲಿ ಬುದ್ಧಿ ಕದಡಿದರೆ, ಮತ್ತು ಆ ಕದಡುವಿಕೆ ಗಂಟೆಗಂಟೆಗೂ ಹೆಚ್ಚುಕಡಿಮೆಯಾಗುತ್ತಿದ್ದರೆ, ಮೊದಲು ನೋಡಬೇಕಾದದ್ದು ಜ್ವರ, ರಕ್ತದ ಸಕ್ಕರೆ, ಸೋಡಿಯಂ, ಮೂತ್ರದ ಸೋಂಕು ಮತ್ತು ಅವರು ನುಂಗುತ್ತಿರುವ ಮಾತ್ರೆಗಳನ್ನು. ಆ ಅಜ್ಜನಿಗೆ ಇದ್ದದ್ದು ಮೂತ್ರದ ಸೋಂಕು. ವಾರದೊಳಗೆ ಅವರು ನನ್ನನ್ನೇ ‘ನಿಂದ್ಯಾವೂರವ್ವ?’ ಎಂದು ವಿಚಾರಿಸತೊಡಗಿದ್ದರು.

ಇದೇ ಮಾತು ಕುಡಿತಕ್ಕೂ ಅನ್ವಯಿಸುತ್ತದೆ, ಮತ್ತು ಮಲೆನಾಡಿಗೆ ಹೊಂದಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಸಕಲೇಶಪುರದ ಕಡೆ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕುಯ್ಯುತ್ತಿದ್ದ ಒಬ್ಬ ಕಾರ್ಮಿಕ ಬಿದ್ದು ಕಾಲು ಮುರಿದುಕೊಂಡು ಒಂದು ಆಸ್ಪತ್ರೆಯ ಮೂಳೆ ವಿಭಾಗ ಸೇರಿದ್ದ. ಮೊದಲ ದಿನ ಸುಮ್ಮನಿದ್ದವನು ಎರಡನೆಯ ದಿನ ಬೆವರಿದ, ಕೈ ನಡುಗಿತು, ಮೂರನೆಯ ರಾತ್ರಿ ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಕೂಗಾಡಿ ಕಾಲಿನ ಕಟ್ಟನ್ನೇ ಕಿತ್ತುಹಾಕಲು ಹೋದ. ಅಲ್ಲಿಯವರು ಅವನನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿ, ‘ಮೆಂಟಲ್ ಕೇಸ್’ ಎಂದು ನಮ್ಮನ್ನು ಕರೆಸಿದರು. ದಾಖಲಾತಿಯ ಹಾಳೆಯಲ್ಲಿ ಮುರಿದ ಮೂಳೆಯ ವಿವರವೆಲ್ಲ ಇತ್ತು. ‘ಕೊನೆಯ ಬಾರಿ ಕುಡಿದದ್ದು ಯಾವಾಗ?’ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ದಿನವೂ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದಾಗ ಸಾಮಾನ್ಯವಾಗಿ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಈ ಬಗೆಯ ಸನ್ನಿ ಕಾಣಿಸಿಕೊಳ್ಳಬಹುದು. ಚಿಕಿತ್ಸೆ ಇಲ್ಲದಿದ್ದರೆ ಅದು ಜೀವಕ್ಕೇ ಎರವಾಗಬಹುದು. ಅವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್, ಅಂದರೆ ಬಿ1 ಜೀವಸತ್ವ, ಕೊಡಬೇಕು. ಅದು ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಹಾನಿಯಾಗುವ ಅಪಾಯವಿದೆ. ಯಾವ ವಾರ್ಡಿನಲ್ಲಿ ಕೆಲಸ ಮಾಡುವ ಶುಶ್ರೂಷಾಧಿಕಾರಿಯೇ ಆಗಲಿ, ಗಂಡಸರು ಹೆಂಗಸರು ಎನ್ನದೆ, ಕೊನೆಯ ಕುಡಿತದ ಹೊತ್ತನ್ನು ನಾಚಿಕೆಯಿಲ್ಲದೆ ಕೇಳಿ ಬರೆಯಬೇಕು.

ಇನ್ನು ಮಾತು. ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿ, ರೋಗಿಗೂ ನರ್ಸಿಗೂ ನಡುವೆ ಬೆಳೆಯುವ ಸಂಬಂಧವೇ ಶುಶ್ರೂಷೆಯ ನಡುಗಂಬ ಎಂದು ವಾದಿಸಿದರು. ಇಲ್ಲದ್ದು ಕಾಣುವ, ಕೇಳಿಸುವ ತೀವ್ರ ಮನೋರೋಗಗಳಿಗೆ ಮೊದಲ ಪರಿಣಾಮಕಾರಿ ಔಷಧವಾದ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದದ್ದೂ ಅದೇ ವರ್ಷ. ಎರಡರಲ್ಲಿ ಔಷಧ ಮಾತ್ರ ಎಲ್ಲ ಕಡೆಗೂ ತಲುಪಿತು ಎಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ. ಸಂಬಂಧ ಎಂದರೆ ಸ್ನೇಹವಲ್ಲ. ನಾನು ಯಾರು, ಎಷ್ಟು ಹೊತ್ತು ಇರುತ್ತೇನೆ, ನೀವು ಹೇಳಿದ್ದರಲ್ಲಿ ಯಾವುದನ್ನು ವೈದ್ಯರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನೆಲ್ಲ ಮೊದಲ ದಿನವೇ ಹೇಳಿಕೊಂಡು ಆರಂಭಿಸುವ, ಬಿಡುಗಡೆಯ ದಿನ ಮುಗಿಯಲಿದೆ ಎಂದು ಇಬ್ಬರಿಗೂ ಗೊತ್ತಿರುವ ಒಂದು ಕೆಲಸದ ಒಡನಾಟ ಅದು.

ಹೊಸಬರನ್ನು ಹೆಚ್ಚು ಕಾಡುವುದು, ರೋಗಿಯ ತಪ್ಪು ನಂಬಿಕೆಯ ಎದುರು ಏನು ಹೇಳಬೇಕು ಎಂಬ ಪ್ರಶ್ನೆ. ಬೇಲೂರು ಕಡೆಯ ಒಬ್ಬ ತಾಯಿ ತಮ್ಮ ಓರಗಿತ್ತಿ ಮಾಟ ಮಾಡಿಸಿ ಹೊಟ್ಟೆಯೊಳಗೆ ಗಾಜಿನ ಚೂರು ಇಟ್ಟಿದ್ದಾಳೆ ಎನ್ನುತ್ತಿದ್ದರು. ‘ಹಾಗೆಲ್ಲ ಇಲ್ಲ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ’ ಎಂದು ನಾನು ವಾದಕ್ಕಿಳಿದ ದಿನ ಅವರು, ‘ಓಹೋ, ನಿಂಗೂ ಕೊಟ್ಟವ್ಳೆ ದುಡ್ಡ’ ಎಂದು ಮುಖ ತಿರುಗಿಸಿದರು. ‘ಹೌದಾ ಅಮ್ಮ, ಪಾಪ’ ಎಂದು ತಲೆಯಾಡಿಸಿದ್ದರೆ ಇನ್ನೂ ಕೆಡುತ್ತಿತ್ತು. ಸಿಸ್ಟರೇ ಒಪ್ಪಿಕೊಂಡರು ಎಂದು ಆ ನಂಬಿಕೆ ಗಟ್ಟಿಯಾಗುತ್ತಿತ್ತು. ಈ ಎರಡರ ನಡುವೆ ಒಂದು ಕಿರುದಾರಿ ಇದೆ, ಅದನ್ನು ಕಂಡುಕೊಳ್ಳಲು ನನಗೆ ಕಾಲ ಹಿಡಿಯಿತು: ‘ಗಾಜು ನನಗೆ ಕಾಣಿಸುತ್ತಿಲ್ಲ ಅಮ್ಮ. ಆದರೆ ನಿಮಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿರುವುದು, ರಾತ್ರಿಯೆಲ್ಲ ಹೆದರಿಕೊಂಡಿರುವುದು ನಿಜ. ಹೆದರಿಕೆ ಯಾವಾಗ ಹೆಚ್ಚು?’ ನಂಬಿಕೆಯನ್ನು ಅದರ ಪಾಡಿಗೆ ಬಿಟ್ಟು, ಅದರ ಅಡಿಯಲ್ಲಿರುವ ಭಯದ ಜೊತೆ ಮಾತನಾಡಬೇಕು. ಓರಗಿತ್ತಿಯ ಮನೆಯವರು ಬಂದು ಹೋದ ದಿನಗಳಲ್ಲೇ ಹೆದರಿಕೆ ಹೆಚ್ಚುತ್ತಿದೆ ಎಂಬುದು ಹೀಗೆ ತಿಳಿಯಿತು. ಮುಂದಿನ ಭೇಟಿಗಳನ್ನು ಅದಕ್ಕೆ ತಕ್ಕಂತೆ ಏರ್ಪಡಿಸಲು ಸಾಧ್ಯವಾಯಿತು.

ಕಿವಿಯಲ್ಲಿ ಧ್ವನಿ ಕೇಳಿಸುವವರೊಡನೆಯೂ ಹೀಗೆಯೇ, ಒಂದು ವ್ಯತ್ಯಾಸವಿದೆ. ಆ ಧ್ವನಿ ಏನು ಮಾಡಲು ಹೇಳುತ್ತಿದೆ ಎಂಬುದನ್ನು ನೇರವಾಗಿ ಕೇಳಲೇಬೇಕು. ತನಗಾಗಲಿ ಇನ್ನೊಬ್ಬರಿಗಾಗಲಿ ಹಾನಿ ಮಾಡೆಂದು ಆಜ್ಞೆ ಮಾಡುವ ಧ್ವನಿಯ ವಿಷಯ ಬೆಳಗಿನ ತನಕ ಕಾಯುವಂಥದ್ದಲ್ಲ.

ಆತ್ಮಹತ್ಯೆಯ ಯೋಚನೆಯನ್ನೂ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂದು ನನ್ನ ಸಹೋದ್ಯೋಗಿಗಳಲ್ಲಿಯೂ ಹಲವರು ನಂಬಿದ್ದರು, ಅದು ಸುಳ್ಳು. ‘ಬದುಕಿರಬಾರದು ಅನ್ನಿಸಿದೆಯಾ ಯಜಮಾನ್ರೇ?’ ಎಂದು ಹಿರಿಯ ಸಿಸ್ಟರ್ ಕೇಳಿದಾಗ ಆರನೇ ಮಂಚದವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅತ್ತು, ‘ಇದ್ನ ಇಷ್ಟು ದಿನ ಯಾರೂ ಕೇಳ್ಲಿಲ್ಲ ಕಣವ್ವ’ ಎಂದಿದ್ದರು. ಆ ಮೌನವನ್ನು ಸಿಸ್ಟರ್ ತುಂಬಲು ಹೋಗಲಿಲ್ಲ. ನಾನಾಗಿದ್ದರೆ ‘ಎಲ್ಲಾ ಸರಿ ಹೋಗುತ್ತೆ ಬಿಡಿ’ ಎಂದು ಹೇಳಿ ಆ ಮಾತನ್ನು ಅಲ್ಲಿಯೇ ಕೊಂದುಬಿಡುತ್ತಿದ್ದೆ. ಔಷಧ ಶುರುವಾದ ಮೊದಲ ವಾರಗಳಲ್ಲಿ, ಮನಸ್ಸಿನ ಭಾರ ಇಳಿಯುವ ಮೊದಲೇ ಕೈಕಾಲಿಗೆ ಕಸುವು ಮರಳುವ ಹಂತದಲ್ಲಿ, ನಿಗಾ ಇನ್ನೂ ಬಿಗಿಯಾಗಿರಬೇಕು. ಸುತ್ತು ಹಾಕುವ ಹೊತ್ತು ರೋಗಿ ಊಹಿಸುವಂತೆ ಗಡಿಯಾರದಷ್ಟು ನಿಯತವಾಗಿರಬಾರದು. ಮನೆಗೆ ಕಳುಹಿಸುವಾಗ, ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಗಳನ್ನು ಬೇರೆಯವರ ಮನೆಯಲ್ಲಿ ಬೀಗ ಹಾಕಿಡುವಂತೆ ಮನೆಯವರಿಗೆ ಹೇಳುವುದು ನಮ್ಮ ಜಿಲ್ಲೆಯ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತವಾದ ಸಲಹೆ. ಸಂಕಟದ ಆ ಕೆಲವು ಗಂಟೆಗಳಲ್ಲಿ ಡಬ್ಬ ಕೈಗೆ ಸಿಗದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಾತ್ರೆಯ ಕವರಿನ ಮೇಲೆಯೇ ಬರೆದುಕೊಡುತ್ತೇನೆ. ಅದಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಪೊಲೀಸ್ ಕೇಸಿನ ಭಯಕ್ಕೆ ಸುಳ್ಳು ಹೇಳುವ ಮನೆಯವರಿಗೆ ಇದನ್ನು ತಿಳಿಸಿದರೆ ನಿಜವಾದ ವಿವರ ಹೊರಬರುತ್ತದೆ.

ಔಷಧಗಳ ವಿಷಯದಲ್ಲಿ ನರ್ಸ್ ನೋಡಬೇಕಾದದ್ದು ಮಾತ್ರೆ ಹೊಟ್ಟೆಗೆ ಹೋಯಿತೇ ಎಂಬುದಷ್ಟೇ ಅಲ್ಲ. ಉದ್ರೇಕ, ಭ್ರಮೆ ತಗ್ಗಿಸುವ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಪಡೆದ ಒಬ್ಬ ಹುಡುಗನ ಕುತ್ತಿಗೆ ಅದೇ ಸಂಜೆ ಒಂದು ಪಕ್ಕಕ್ಕೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು, ನಾಲಿಗೆ ಹೊರಬಂತು. ಅವನ ಅಜ್ಜಿ ಅಲ್ಲಿಯೇ ಕೈಮುಗಿದು ನಿಂತು, ‘ಮೈಮೇಲೆ ಬಂದೈತೆ, ನಿಂಬೆಹಣ್ಣು ತನ್ರೋ’ ಎಂದು ಕೂಗಿದರು. ನಿಂಬೆಹಣ್ಣು ತರಲು ಒಬ್ಬರು ಓಡಿಯೂ ಬಿಟ್ಟಿದ್ದರು. ಅದು ಔಷಧದ ಅಡ್ಡಪರಿಣಾಮ. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಹುಡುಗ ನೆಟ್ಟಗಾದ. ಆದರೆ ಇದೇ ಘಟನೆ ಮನೆಯಲ್ಲಿ ನಡೆದಿದ್ದರೆ ಆ ಹುಡುಗ ಮತ್ತೆ ನಮ್ಮ ಬಳಿಗೆ ಬರುತ್ತಿರಲಿಲ್ಲ, ಮಾತ್ರೆಯಿಂದಲೇ ದೆವ್ವ ಕೆರಳಿತು ಎಂಬ ಕಥೆ ಊರೆಲ್ಲ ಹರಡುತ್ತಿತ್ತು. ಆದ್ದರಿಂದ ಇದು ಆಗಬಹುದೆಂದು ಮೊದಲೇ ಹೇಳಿಡುವುದು ಚಿಕಿತ್ಸೆಯ ಭಾಗ. ಉನ್ಮಾದ ಮತ್ತೆ ಬಾರದಂತೆ ತಡೆಯುವ ಲಿಥಿಯಂ ತೆಗೆದುಕೊಳ್ಳುವವರ ವಿಷಯದಲ್ಲಿ ಎಚ್ಚರ ಬೇರೆ ಬಗೆಯದು, ಏಕೆಂದರೆ ಕಾಯಿಲೆ ತಡೆಯುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಹೆಚ್ಚು ಅಂತರವಿಲ್ಲ. ಉಪ್ಪು ಬಿಡಬಾರದು, ನೀರು ಕಡಿಮೆ ಮಾಡಬಾರದು, ವಾಂತಿಭೇದಿಯಾದರೆ ಕೂಡಲೇ ಬರಬೇಕು, ಸೊಂಟನೋವೆಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್ ಕೊಂಡು ನುಂಗಬಾರದು, ರಕ್ತಪರೀಕ್ಷೆಗೆ ಕೊನೆಯ ಮಾತ್ರೆಯ ನಂತರ 12 ಗಂಟೆ ಬಿಟ್ಟು ಬರಬೇಕು. ಭ್ರಮೆಗಳ ಕಾಯಿಲೆಗೆ ಕ್ಲೋಜಪಿನ್ ಮಾತ್ರೆ ನುಂಗುವವರಿಗೆ ಜ್ವರ, ಗಂಟಲು ನೋವು ಬಂದರೆ ಬಿಳಿ ರಕ್ತಕಣಗಳ ಪರೀಕ್ಷೆ ಆಗಲೇಬೇಕು. ‘ಕರೆಂಟ್ ಕೊಡುತ್ತಾರೆ’ ಎಂದು ಜನ ಹೆದರುವ ಚಿಕಿತ್ಸೆಯನ್ನು ಈಗ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಕೊಡುವುದನ್ನು ಕಾಯ್ದೆಯೇ ನಿಷೇಧಿಸಿದೆ.

ಕಟ್ಟಿಹಾಕುವ ವಿಷಯಕ್ಕೆ ಹಿಂದಿರುಗುತ್ತೇನೆ. ಸರಪಳಿ ಬಿಗಿಯುವುದನ್ನೂ ಒಂಟಿಕೋಣೆಯಲ್ಲಿ ಕೂಡಿಹಾಕುವುದನ್ನೂ ಕಾಯ್ದೆ ಸಂಪೂರ್ಣ ನಿಷೇಧಿಸುತ್ತದೆ. ತಕ್ಷಣದ ಹಾನಿ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟು ಹೊತ್ತು ಮಾತ್ರ ದೈಹಿಕವಾಗಿ ತಡೆಯಬಹುದು. ಕಾರಣವನ್ನೂ ಕಾಲಾವಧಿಯನ್ನೂ ಬರೆದಿಡಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ (ತನ್ನ ಪರವಾಗಿ ನಿಲ್ಲಲು ರೋಗಿ ಹೆಸರಿಸಿದವರಿಗೆ) 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಬಳಸಕೂಡದು, ಸಿಬ್ಬಂದಿ ಕಡಿಮೆ ಇದ್ದಾರೆ ಎಂಬುದೂ ಕಾರಣವಾಗಕೂಡದು. ಈ ಕೊನೆಯ ವಾಕ್ಯವನ್ನು ಓದಿ ನಾವು ನಾಲ್ವರು ಸಹೋದ್ಯೋಗಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೆವು. ರಾತ್ರಿ ಒಬ್ಬರೇ ಇಡೀ ವಾರ್ಡು ನೋಡಿಕೊಂಡವರಿಗೆ ಅದರ ತೂಕ ಗೊತ್ತು. ಆದರೂ ನನ್ನ ಅನುಭವದಲ್ಲಿ, ಕಟ್ಟುವ ಹಂತಕ್ಕೆ ಹೋಗುವ ಹೆಚ್ಚಿನ ಪ್ರಕರಣಗಳಿಗೆ ಅರ್ಧ ಗಂಟೆ ಹಿಂದೆಯೇ ಮುನ್ಸೂಚನೆ ಇರುತ್ತದೆ: ಹೆಜ್ಜೆಯ ವೇಗ, ಏರುವ ಧ್ವನಿ, ಬಿಗಿಯಾಗುವ ಮುಷ್ಟಿ. ಆಗ ತಗ್ಗಿದ ದನಿಯಲ್ಲಿ, ಒಂದು ತೋಳು ದೂರಕ್ಕಿಂತ ಹೆಚ್ಚು ಅಂತರದಲ್ಲಿ, ಬಾಗಿಲಿಗೆ ಅಡ್ಡ ನಿಲ್ಲದೆ ಮಾತನಾಡಿದರೆ ಬಹಳಷ್ಟು ಇಳಿಯುತ್ತದೆ.

ಬಾಣಂತಿ ಸನ್ನಿಯ ಬಗ್ಗೆ ಪ್ರತ್ಯೇಕವಾಗಿ ಬರೆಯುವ ಆಸೆ ಇದೆ, ಇಲ್ಲಿ ಒಂದೇ ಮಾತು. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ತಾಯಿ ನಿದ್ರೆ ಬಿಟ್ಟು, ಗೊಂದಲಕ್ಕೆ ಬಿದ್ದು, ಮಗುವಿನ ಬಗ್ಗೆ ವಿಚಿತ್ರವಾದ ಮಾತು ಆಡತೊಡಗಿದರೆ ಅದು ಗಾಳಿ ಸೋಕಿದ್ದಲ್ಲ, ತಣ್ಣೀರು ಮುಟ್ಟಿದ್ದರಿಂದ ಬಂದದ್ದೂ ಅಲ್ಲ. ಅದೇ ದಿನ ಆಸ್ಪತ್ರೆಗೆ ಬರಬೇಕಾದ ತುರ್ತುಸ್ಥಿತಿ ಅದು, ಮತ್ತು ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುತೇಕ ತಾಯಂದಿರು ಪೂರ್ತಿ ಗುಣವಾಗುವ ಕಾಯಿಲೆ.

ವಾರ್ಡಿನಲ್ಲಿ ಕಲಿತದ್ದೆಲ್ಲ ಮನೆಯ ಅಡುಗೆಕೋಣೆಯಲ್ಲಿ ಕೆಟ್ಟುಹೋಗಬಹುದು ಎಂಬುದನ್ನು ತೋರಿಸಿಕೊಟ್ಟವರು ಚನ್ನರಾಯಪಟ್ಟಣದ ಕಡೆಯ ಒಬ್ಬ ತಾಯಿ. ಅವರ ಮಗನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ್ದನ್ನು ನಂಬಿಸುವ, ಕೇಳಿಸುವ ಮನೋರೋಗ. ಊಟಕ್ಕೆ ವಿಷ ಬೆರೆಸುತ್ತಾರೆ ಎಂಬ ಅನುಮಾನ. ಮಾತ್ರೆ ಬೇಡವೆನ್ನುತ್ತಿದ್ದ ಮಗನಿಗೆ ತಾಯಿ ಅದನ್ನು ಪುಡಿ ಮಾಡಿ ರಾಗಿ ಮುದ್ದೆಯಲ್ಲಿ ಸೇರಿಸಿ ಕೊಡುತ್ತಿದ್ದರು. ಮೂರು ತಿಂಗಳು ಎಲ್ಲ ಸುಸೂತ್ರವಾಗಿತ್ತು. ಒಂದು ರಾತ್ರಿ ಮುದ್ದೆಯಲ್ಲಿ ಕರಗದ ಬಿಳಿ ಚೂರು ಅವನ ಬೆರಳಿಗೆ ಸಿಕ್ಕಿತು. ಆ ಮೇಲೆ ಅವನು ಆ ಮನೆಯಲ್ಲಿ ಊಟವನ್ನೇ ಬಿಟ್ಟ, ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ತಿಂದುಕೊಂಡು ಅಲ್ಲಿಯೇ ಮಲಗತೊಡಗಿದ. ಅವನ ಅನುಮಾನ ಕಾಯಿಲೆಯಿಂದ ಹುಟ್ಟಿದ್ದು ಹೌದು. ಈಗ ಅದಕ್ಕೆ ಪುರಾವೆಯೂ ಸಿಕ್ಕಿತ್ತು. ಆ ತಾಯಿಯನ್ನು ಬೈಯುವ ಮನಸ್ಸು ನನಗೆ ಆಗಲಿಲ್ಲ. ‘ಇನ್ನೇನ್ ಮಾಡ್ಲಿ ಮಗ, ನಾನೊಬ್ಳೇ ಇರೋದು’ ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಸಿದ್ಧ ಉತ್ತರವೂ ಇರಲಿಲ್ಲ.

ಎರಡನೆಯ ಸಲ ದಾಖಲಾದಾಗ ಮಾತ್ರೆಯ ಮಾತನ್ನು ನಾವು ಒಂದು ವಾರ ಅವನೊಡನೆ ಮಾತ್ರ ಆಡಿದೆವು. ಏಕೆ ಬೇಡ ಎಂದು ಕೇಳಿದಾಗ ಅವನು ವಿಷದ ಮಾತೆತ್ತಲಿಲ್ಲ. ಬೆಳಿಗ್ಗೆ ಎದ್ದಾಗ ತಲೆ ಎತ್ತಲಾಗುವುದಿಲ್ಲ, ಹಾಲಿನ ಡೈರಿಗೆ ಹೊತ್ತಿಗೆ ಸರಿಯಾಗಿ ಹೋಗಲಾಗುವುದಿಲ್ಲ, ಊರವರು ನಗುತ್ತಾರೆ ಎಂದ. ವೈದ್ಯರು ಮಾತ್ರೆಯ ಹೊತ್ತನ್ನು ರಾತ್ರಿ ಎಂಟಕ್ಕೆ ಸರಿಸಿದರು, ಪ್ರಮಾಣವನ್ನೂ ಬದಲಿಸಿದರು. ಮುಚ್ಚಿದ ಸ್ಟ್ರಿಪ್ಪಿನಿಂದ ಮಾತ್ರೆಯನ್ನು ಅವನೇ ಬಿಡಿಸಿಕೊಳ್ಳಬೇಕು, ಅಡುಗೆಮನೆಗೂ ಅದಕ್ಕೂ ಸಂಬಂಧವಿರಬಾರದು ಎಂದು ತಾಯಿ ಮಗ ಇಬ್ಬರೂ ನಮ್ಮೆದುರು ಒಪ್ಪಿಕೊಂಡರು. ಈಗ ತಿಂಗಳಿಗೊಮ್ಮೆ ಅವನು ಬರುವಾಗ ಖಾಲಿ ಸ್ಟ್ರಿಪ್ಪುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದು ಮೇಜಿನ ಮೇಲಿಡುತ್ತಾನೆ. ಕಳೆದ ಬಾರಿ ಎರಡು ಮಾತ್ರೆ ಉಳಿದಿದ್ದವು. ಏಕೆಂದು ಕೇಳಿದೆ. ಅಕ್ಕನ ಮದುವೆಯಿತ್ತು, ಎರಡು ರಾತ್ರಿ ಎಚ್ಚರವಿರಬೇಕಿತ್ತು ಎಂದ. ಹಾಗೆಯೇ ಬರೆದುಕೊಂಡೆ.